ಬರಿ ಮಣ್ಣಿಗೆ ಹೊಡೆಯುವ ಕಸದೆಣ್ಣೆ: ಬಾಸೆಲ್‌ನಿಂದ ಹಾವೇರಿಯ ಮೆಕ್ಕೆಜೋಳದವರೆಗೆ

ಮುಂಗಾರಿನ ಮೆಕ್ಕೆಜೋಳ ಬಿತ್ತಿದ ಮರುದಿನ ಹಾವೇರಿ, ದಾವಣಗೆರೆ ಕಡೆಯ ಹೊಲಗಳಿಗೆ ಹೋದರೆ, ಬೆನ್ನಿಗೆ ಹದಿನಾರು ಲೀಟರಿನ ಕ್ಯಾನು ಕಟ್ಟಿಕೊಂಡವರು ಹಿಂದು ಹಿಂದಕ್ಕೆ ಹೆಜ್ಜೆ ಇಡುತ್ತಾ ಬರಿ ಮಣ್ಣಿಗೆ ಕಸದೆಣ್ಣೆ, ಅಂದರೆ ಕಳೆ ಸಾಯಿಸುವ ಔಷಧಿ, ಹೊಡೆಯುವುದು ಕಾಣುತ್ತದೆ. ಹೊಲದಲ್ಲಿ ಪೈರೂ ಇಲ್ಲ, ಕಳೆಯೂ ಇಲ್ಲ. ಹೊಡೆದ ಜಾಗವನ್ನು ತುಳಿಯಬಾರದೆಂದೇ ಆ ಹಿಂದಡಿ. ಮಣ್ಣಿನ ಮೇಲೆ ಕೂತ ತೆಳುವಾದ ಪದರ ಎಲ್ಲಿ ಒಡೆಯುತ್ತದೆಯೋ ಅಲ್ಲಿಂದ ಕಳೆ ಏಳುತ್ತದೆ.

ಇದು ಎಷ್ಟು ನಿಜವೆಂದು ನಮ್ಮ ಹೊಲದಲ್ಲೇ ಒಮ್ಮೆ ನೋಡಿದೆ. ಬದುವಿನ ಪಕ್ಕ ಎರಡು ಮೊಳ ಅಗಲದ ಒಂದು ಪಟ್ಟಿಗೆ ಔಷಧಿ ಬೀಳದೆ ಉಳಿದಿತ್ತು. ಇಪ್ಪತ್ತನೆಯ ದಿನಕ್ಕೆ ಅದು ದೂರದಿಂದಲೇ ಹಸಿರು ಗೆರೆಯಾಗಿ ಕಂಡಿತು. ಗೋಣಿಸೊಪ್ಪು, ಅಣ್ಣೆಸೊಪ್ಪು, ಕೀರೆ, ನಡುನಡುವೆ ಹುಲ್ಲು. ಮೆಕ್ಕೆಜೋಳದ ಸಸಿ ಅವುಗಳ ನಡುವೆ ಬಿಳಿಚಿಕೊಂಡು ನಿಂತಿತ್ತು. ಉಳಿದ ಹೊಲದಲ್ಲಿ ಇದ್ದದ್ದು ಅಲ್ಲೊಂದು ಇಲ್ಲೊಂದು ಜೇಕು ಮಾತ್ರ. ಜೇಕು ನೆಲದೊಳಗಿನ ಗಡ್ಡೆಯಿಂದ ಚಿಗುರುವ ಗಿಡ. ಬೀಜದಿಂದ ಮೊಳೆಯುವ ಕಳೆಗೆಂದು ಹೊಡೆದ ಔಷಧಿ ಅದರ ಗಡ್ಡೆಯನ್ನು ಕೊಲ್ಲುವುದಿಲ್ಲ.

ಮೆಕ್ಕೆಜೋಳಕ್ಕೆ ಮೊದಲ ಮೂವತ್ತು, ನಲವತ್ತು ದಿನ ನಿರ್ಣಾಯಕ. ಆ ಹೊತ್ತಿನಲ್ಲಿ ಕಳೆ ಕಸಿದುಕೊಂಡ ಗೊಬ್ಬರ, ನೀರು, ಬಿಸಿಲನ್ನು ಪೈರು ಮುಂದೆಂದೂ ತುಂಬಿಕೊಳ್ಳಲಾರದು. ಹಿಂದೆ ಈ ದಿನಗಳನ್ನು ಕಾಯುತ್ತಿದ್ದದ್ದು ಎತ್ತು ಕಟ್ಟಿದ ಎಡೆಕುಂಟೆ, ಅದರ ಹಿಂದೆ ಕಳೆ ತೆಗೆಯುವ ಕುರ್ಚಿಗೆ ಹಿಡಿದು ಸಾಲಿಗೆ ಕೂರುತ್ತಿದ್ದ ಹೆಣ್ಣುಮಕ್ಕಳು. ಎತ್ತು ಕಡಿಮೆಯಾದವು. ಎಲ್ಲರ ಹೊಲದಲ್ಲೂ ಒಂದೇ ವಾರ ಕಳೆ ಏಳುವುದರಿಂದ ಆ ವಾರ ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೈಗೆಟುಕುವುದಿಲ್ಲ. ರೈತ ಸೋಮಾರಿಯಾಗಿ ಕಸದೆಣ್ಣೆಗೆ ಬಿದ್ದ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದಿನವಿಡೀ ಬಗ್ಗಿ ಕಳೆ ಕಿತ್ತು ಸೊಂಟ ನೋಯಿಸಿಕೊಂಡವರು ಹಾಗೆ ಹೇಳುವುದೂ ಇಲ್ಲ.

ಈ ಔಷಧಿಯ ಕಥೆ ಶುರುವಾದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಅಲ್ಲಿನ ಗೈಗಿ ಕಂಪನಿಯ ರಸಾಯನಶಾಸ್ತ್ರಜ್ಞರು 1950ರ ದಶಕದಲ್ಲಿ ಟ್ರಯಜಿನ್ ಎಂಬ ಗುಂಪಿನ ಸಂಯುಕ್ತಗಳನ್ನು ಪರೀಕ್ಷಿಸುತ್ತಾ ಮೊದಲು ಸಿಮಜಿನ್, ಬಳಿಕ 1958ರ ಹೊತ್ತಿಗೆ ಅಟ್ರಜಿನ್ ಕಂಡುಕೊಂಡರು. ಅದಕ್ಕೂ ಮೊದಲು, ಎರಡನೆಯ ಮಹಾಯುದ್ಧದ ನಂತರ ಬಂದಿದ್ದ 2,4-ಡಿ ಮುಖ್ಯವಾಗಿ ಎದ್ದು ನಿಂತ ಅಗಲ ಎಲೆಯ ಕಳೆಗೆ ಹೊಡೆಯುವ ಔಷಧಿ. ಅಟ್ರಜಿನ್ ಮಣ್ಣಿನಲ್ಲಿ ಕಾದು ಕೂರುತ್ತದೆ. ಮೊಳೆತ ಬೀಜದ ಬೇರು ನೀರಿನ ಜೊತೆ ಅದನ್ನೂ ಹೀರುತ್ತದೆ, ಎಲೆಗೆ ಸೇರಿದ ಔಷಧಿ ಬಿಸಿಲಿನಿಂದ ಆಹಾರ ತಯಾರಿಸುವ ಕೆಲಸವನ್ನೇ ನಿಲ್ಲಿಸುತ್ತದೆ. ಹಾಗಾಗಿ ಕಳೆ ತಲೆ ಎತ್ತುತ್ತದೆ, ಎಲೆಯಂಚು ಹಳದಿಯಾಗುತ್ತದೆ, ಸಾಯುತ್ತದೆ. ಅದೇ ಮಣ್ಣಿನಲ್ಲಿ ಅದೇ ಔಷಧಿ ಹೀರಿದ ಮೆಕ್ಕೆಜೋಳ ಮಾತ್ರ ಬದುಕುತ್ತದೆ. ಆ ಗಿಡದಲ್ಲಿರುವ ಕಿಣ್ವವೊಂದು ಅಟ್ರಜಿನ್ ಅನ್ನು ಗ್ಲುಟಾಥಯೋನ್ ಎಂಬ ವಸ್ತುವಿಗೆ ಕಟ್ಟಿಹಾಕಿ ನಿರುಪದ್ರವಿಯಾಗಿಸುತ್ತದೆ.

ಅಮೆರಿಕದ ಮೆಕ್ಕೆಜೋಳದ ಸೀಮೆ ಇದನ್ನು ಎರಡೂ ಕೈಯಿಂದ ಬಾಚಿಕೊಂಡಿತು. ಬೆನ್ನಿಗೇ 1960ರ ದಶಕದಲ್ಲಿ ಹತ್ತಿ, ಸೋಯಾಕ್ಕೆ ಟ್ರೈಫ್ಲುರಲಿನ್ ಬಂತು. ಗಾಳಿಗೆ ಆವಿಯಾಗಿ ಹೋಗುವ ಗುಣ ಅದಕ್ಕಿದ್ದುದರಿಂದ ಹೊಡೆದ ಕೂಡಲೇ ಹರಗಿ ಮಣ್ಣಿಗೆ ಬೆರೆಸಬೇಕಿತ್ತು. 1970ರ ದಶಕದಲ್ಲಿ ಅದೇ ಕುಲದ, ಇಂದು ನಮ್ಮ ಗೊಬ್ಬರದ ಅಂಗಡಿಗಳಲ್ಲೆಲ್ಲ ಸಿಗುವ ಹಳದಿ ದ್ರಾವಣ ಪೆಂಡಿಮೆಥಾಲಿನ್ ಬಂತು. ಇದು ಬೇರಿನ ಮತ್ತು ಕುಡಿಯ ತುದಿಯಲ್ಲಿ ಜೀವಕೋಶ ಒಡೆದು ಬೆಳೆಯುವುದನ್ನು ತಡೆಯುತ್ತದೆ.

ಕಳೆಗಳು ಸುಮ್ಮನೆ ಇರಲಿಲ್ಲ. ವಾಷಿಂಗ್ಟನ್ ರಾಜ್ಯದ ಸಸಿತೋಟವೊಂದರಲ್ಲಿ ಹತ್ತು ವರ್ಷ ಸತತವಾಗಿ ಸಿಮಜಿನ್, ಅಟ್ರಜಿನ್ ಹೊಡೆಯುತ್ತಾ ಬಂದಿದ್ದರು. ಗ್ರೌಂಡ್‌ಸೆಲ್ ಎಂಬ ಹಳದಿ ಹೂವಿನ ಪುಟ್ಟ ಗಿಡವೊಂದು 1968ರ ಹೊತ್ತಿಗೆ ಅಲ್ಲಿ ಔಷಧಿಗೆ ಬಗ್ಗದೆ ನಿಂತಿತು. ಕಳೆನಾಶಕ ನಿರೋಧದ ಚರಿತ್ರೆಯಲ್ಲಿ ಎಲ್ಲರೂ ಮೊದಲು ಹೆಸರಿಸುವ ಪ್ರಕರಣ ಇದು. ಪಾಠ ಅಷ್ಟು ಬೇಗ ಸಿಕ್ಕಿತ್ತು, ಯಾರೂ ಕಲಿಯಲಿಲ್ಲ ಎಂಬುದೇ ಬೇಸರ.

ಯಾಕೆಂದರೆ 1974ರಲ್ಲಿ, ಎದ್ದು ನಿಂತ ಕಳೆಯ ಎಲೆಗೆ ಹೊಡೆಯುವ ಗ್ಲೈಫೋಸೇಟ್ ಮಾರುಕಟ್ಟೆಗೆ ಬಂತು, 1996ರಲ್ಲಿ ಅದನ್ನು ತಡೆದುಕೊಳ್ಳುವ ಕುಲಾಂತರಿ ಸೋಯಾ ಬಂತು. ಪೈರಿನ ಮೇಲೆಯೇ ಹೊಡೆದರೂ ಕಳೆ ಮಾತ್ರ ಸಾಯುವಾಗ ಬರಿ ಮಣ್ಣಿಗೆ ಹೊಡೆದು ಮಳೆಗೆ ಕಾಯುವ ರಗಳೆ ಯಾರಿಗೆ ಬೇಕು? ಸೋಯಾ, ಹತ್ತಿಯ ಹೊಲಗಳಲ್ಲಿ ಮಣ್ಣಿನ ಔಷಧಿಗಳು ಮೂಲೆಗೆ ಸರಿದವು. ಹತ್ತು ವರ್ಷ ತುಂಬುವುದರೊಳಗೆ, 2005ರ ಸುಮಾರಿಗೆ, ಜಾರ್ಜಿಯಾದ ಹತ್ತಿ ಹೊಲಗಳಲ್ಲಿ ಗ್ಲೈಫೋಸೇಟಿಗೆ ಸಾಯದ ಪಾಮರ್ ಅಮರಾಂತ್ ಕಾಣಿಸಿಕೊಂಡಿತು. ಇದು ನಮ್ಮ ದಂಟು, ಕೀರೆಯ ದಾಯಾದಿ. ಆಳೆತ್ತರ ಬೆಳೆದು ಒಂದೊಂದು ಹೆಣ್ಣು ಗಿಡ ಲಕ್ಷಗಟ್ಟಲೆ ಬೀಜ ಉದುರಿಸುತ್ತದೆ. ಯಂತ್ರದಿಂದಲೇ ಬೇಸಾಯ ಮಾಡುವ ಆ ನಾಡಿನಲ್ಲಿ ಕೈಯಿಂದ ಕಳೆ ಕೀಳುವ ಆಳುಗಳು ಮತ್ತೆ ಹೊಲಕ್ಕಿಳಿದರು. ಕೈಬಿಟ್ಟಿದ್ದ ಮಣ್ಣಿನ ಔಷಧಿಗಳನ್ನೂ ರೈತರು ಮತ್ತೆ ಹುಡುಕಿಕೊಂಡು ಹೋದರು.

ನಮ್ಮ ದೇಶದಲ್ಲೂ ಇಂಥದ್ದೇ ಆಯಿತು. ಹರಿಯಾಣ, ಪಂಜಾಬಿನ ಗೋಧಿಯಲ್ಲಿ ಗುಲ್ಲಿ ಡಂಡಾ ಎಂಬ ಕಳೆಯಿದೆ. ಎಳೆಯದರಲ್ಲಿ ಗೋಧಿಯಿಂದ ಬೇರೆ ಗುರುತಿಸುವುದೇ ಕಷ್ಟ. ವರ್ಷವರ್ಷವೂ ಐಸೊಪ್ರೊಟುರಾನ್ ಎಂಬ ಕಳೆನಾಶಕ ಒಂದನ್ನೇ ನಂಬಿದ್ದರ ಫಲವಾಗಿ 1990ರ ದಶಕದ ಆರಂಭದಲ್ಲಿ ಅದು ಸಾಯುವುದನ್ನೇ ಬಿಟ್ಟಿತು. ಕೆಲವರು ಗೋಧಿಯನ್ನೇ ಹಸಿರು ಮೇವಾಗಿ ಕೊಯ್ದುಹಾಕಬೇಕಾಯಿತು.

ಇನ್ನು ಕರ್ನಾಟಕಕ್ಕೆ ಬರೋಣ. ಇಲ್ಲಿ ಔಷಧಿ ಕೆಲಸ ಮಾಡದಿದ್ದರೆ ಮಾಲು ನಕಲಿ ಎಂಬ ದೂರು ಕೇಳಿಬರುತ್ತದೆ. ನಕಲಿ ಮಾಲು ಇಲ್ಲವೆಂದಲ್ಲ. ಆದರೆ ಬಹುಪಾಲು ಕಾರಣ ಹೊಲದಲ್ಲೇ ಇರುತ್ತದೆ. ಈ ಔಷಧಿಗೆ ಹಸಿ ಬೇಕು. ಬಿತ್ತಿದ ಎರಡು, ಮೂರು ದಿನದೊಳಗೆ, ಮಣ್ಣು ತೇವ ಇರುವಾಗ ಹೊಡೆಯಬೇಕು. ಹೆಂಟೆ ಹೆಂಟೆ ಇರುವ ಹೊಲದಲ್ಲಿ ಹೆಂಟೆಯ ಅಡಿಗೆ ಔಷಧಿ ತಲುಪುವುದಿಲ್ಲ. ಮಳೆಗೆ ಹೆಂಟೆ ಕರಗಿದಾಗ ಹೊಸ ಮಣ್ಣು ಬಿಚ್ಚಿಕೊಂಡು ಕಳೆ ಏಳುತ್ತದೆ. ಹುಳುವಿಗೆ ಹೊಡೆಯುವ ದುಂಡು ನಾಜಲ್ ಬಿಟ್ಟು ಬೀಸಣಿಗೆಯಂತೆ ಚಪ್ಪಟೆಯಾಗಿ ಹರಡುವ ನಾಜಲ್ ಹಾಕಬೇಕು, ನೀರು ಎಕರೆಗೆ ಇನ್ನೂರು ಲೀಟರಿಗಿಂತ ಕಡಿಮೆಯಾಗಬಾರದು. ಅಂದರೆ ಹನ್ನೆರಡು, ಹದಿಮೂರು ಕ್ಯಾನು. ಗುತ್ತಿಗೆಗೆ ಹೊಡೆಯುವವರು ಆರೇಳು ಕ್ಯಾನಿಗೇ ಎಕರೆ ಮುಗಿಸಿದರೆ ಪದರ ಕೂರುವುದೆಲ್ಲಿ? ಕೆಂಪು ಮರಳು ಮಣ್ಣಿಗೆ ಕಡಿಮೆ ಪ್ರಮಾಣ ಸಾಕು, ಎರೆ ಮಣ್ಣು ಔಷಧಿಯನ್ನು ಹಿಡಿದುಕೊಳ್ಳುವುದರಿಂದ ಹೆಚ್ಚು ಬೇಕು. ಇದನ್ನು ಅಂಗಡಿಯಲ್ಲಿ ಕೇಳಿ ಕೊಡುವವರು ಅಪರೂಪ; ಎಷ್ಟು ಎಕರೆ ಎಂದಷ್ಟೇ ಕೇಳುತ್ತಾರೆ.

ನನ್ನನ್ನು ಹೆಚ್ಚು ಕಾಡುವುದು ಅಕ್ಕಡಿ ಸಾಲಿನ, ಅಂದರೆ ಮುಖ್ಯ ಪೈರಿನ ನಡುವೆ ಬಿತ್ತುವ ಕಾಳಿನ ಸಾಲಿನ, ವಿಚಾರ. ಅಟ್ರಜಿನ್ ಬಿದ್ದ ಹೊಲದಲ್ಲಿ ಅವರೆ, ಅಲಸಂದೆ, ಹೆಸರು ಏಳುವುದಿಲ್ಲ, ಎದ್ದರೂ ಸುಟ್ಟುಹೋಗುತ್ತವೆ. ಮನೆಗೆ ಬೇಳೆ, ದನಕ್ಕೆ ಹೊಟ್ಟು, ನೆಲಕ್ಕೆ ಸಾರಜನಕ ಕೊಡುತ್ತಿದ್ದ ಸಾಲು ಅದು. ಕಳೆ ಕೀಳುತ್ತಲೇ ಮಡಿಲು ತುಂಬಿಸಿಕೊಂಡು ತರುತ್ತಿದ್ದ ಬೆರಕೆ ಸೊಪ್ಪಿನ ಸಾರೂ ಅದರ ಜೊತೆಗೇ ಹೋಯಿತು. ತೊಗರಿಯನ್ನು ಜೊತೆ ಬೆಳೆಯಾಗಿ ಹಾಕುವವರಿಗೆ ಪೆಂಡಿಮೆಥಾಲಿನ್ ಒಂದು ದಾರಿ. ಆದರೆ ಮೆಕ್ಕೆಜೋಳದ ಹಿಂದೆ ಕಡಲೆ ಬಿತ್ತುವವರಿಗೆ ಇನ್ನೊಂದು ಅಪಾಯವಿದೆ. ಅಟ್ರಜಿನ್ ಕ್ಷಾರ ಹೆಚ್ಚಿರುವ ಮಣ್ಣಿನಲ್ಲಿ ನಿಧಾನವಾಗಿ ಕರಗುತ್ತದೆ, ನಮ್ಮ ಎರೆ ಭೂಮಿ ಬಹುಪಾಲು ಅಂಥದ್ದೇ. ಪ್ರಮಾಣ ಮೀರಿ ಹೊಡೆದು, ಮಳೆಯೂ ಕೈಕೊಟ್ಟ ವರ್ಷ ಹಿಂಗಾರಿಯ ಕಡಲೆ ಹಳದಿಯಾದರೆ ರೋಗವೆಂದು ಇನ್ನೊಂದು ಔಷಧಿ ತರುವ ಮೊದಲು ಮುಂಗಾರಿನಲ್ಲಿ ಹೊಡೆದದ್ದನ್ನು ನೆನಪಿಸಿಕೊಳ್ಳಬೇಕು.

ನೀರಿನ ವಿಷಯದಲ್ಲಿ ದೇಶಗಳು ಒಂದೇ ತೀರ್ಮಾನಕ್ಕೆ ಬಂದಿಲ್ಲ. ಯುರೋಪಿನಲ್ಲಿ ಅಂತರ್ಜಲದಲ್ಲಿ ಯಾವುದೇ ಒಂದು ಕೀಟನಾಶಕ ಅಥವಾ ಕಳೆನಾಶಕ ಲೀಟರಿಗೆ 0.1 ಮೈಕ್ರೋಗ್ರಾಂ ಮೀರುವಂತಿಲ್ಲ. ಅಟ್ರಜಿನ್ ಅದರೊಳಗೆ ಉಳಿಯದ ಕಾರಣ ಯುರೋಪಿಯನ್ ಒಕ್ಕೂಟ 2003ರಲ್ಲಿ ಅದನ್ನು ಹಿಂತೆಗೆದುಕೊಳ್ಳಲು ನಿರ್ಧರಿಸಿತು. ಅಮೆರಿಕ ಕುಡಿಯುವ ನೀರಿಗೆ 3 ಮೈಕ್ರೋಗ್ರಾಂ ಮಿತಿ ಇಟ್ಟು ಬಳಕೆ ಮುಂದುವರಿಸಿದೆ. ಭಾರತ ಅಲಾಕ್ಲೋರ್ ಎಂಬ ಇನ್ನೊಂದು ಕಳೆನಾಶಕದ ಬಳಕೆಯನ್ನು 2020ರ ಕೊನೆಗೆ ನಿಲ್ಲಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ನಿಷೇಧಿಸಲು ಉದ್ದೇಶಿಸಿದ 27 ಔಷಧಿಗಳ ಕರಡು ಪಟ್ಟಿಯಲ್ಲಿ ಅಟ್ರಜಿನ್, ಪೆಂಡಿಮೆಥಾಲಿನ್, ಬ್ಯೂಟಾಕ್ಲೋರ್, ಆಕ್ಸಿಫ್ಲೋರ್ಫೆನ್ ಎಲ್ಲವೂ ಇದ್ದವು. 2023ರ ನಿಷೇಧದಲ್ಲಿ ಈ ನಾಲ್ಕೂ ಇರಲಿಲ್ಲ. ಉಳಿಸಿಕೊಂಡದ್ದು ಸರಿಯೋ ತಪ್ಪೋ ಎಂದು ವಾದಿಸುವ ಮುನ್ನ ಮೆಕ್ಕೆಜೋಳದ ಸೀಮೆಯ ಕೊಳವೆಬಾವಿಗಳ ನೀರನ್ನು ವರ್ಷವರ್ಷವೂ ಪರೀಕ್ಷಿಸಿ, ಫಲಿತಾಂಶವನ್ನು ಆಯಾ ಪಂಚಾಯಿತಿಯ ಗೋಡೆಗೆ ಹಚ್ಚಲಿ ಎಂಬುದು ನನ್ನ ಬೇಡಿಕೆ. ಕುಡಿಯುವವರು ನಾವು.

ನಾವೀಗ ಔಷಧಿಯನ್ನು ಪೂರ್ತಿ ಬಿಟ್ಟಿಲ್ಲ. ಮೆಕ್ಕೆಜೋಳದ ಹೊಲಕ್ಕೆ ಒಂದು ಸಲ ಹೊಡೆದು, ಇಪ್ಪತ್ತೈದನೆಯ ದಿನಕ್ಕೆ ಬಾಡಿಗೆ ಎತ್ತು ತಂದು ಎಡೆಕುಂಟೆ ಹಾಯಿಸುತ್ತೇವೆ. ಔಷಧಿಗೆ ತಪ್ಪಿಸಿಕೊಂಡ ಕಳೆ ಬೀಜ ಕಟ್ಟುವ ಮೊದಲೇ ಅಲ್ಲಿಗೆ ಮುಗಿಯುತ್ತದೆ. ಮೂರನೆಯ ವರ್ಷ ಆ ಹೊಲಕ್ಕೆ ತೊಗರಿ. ಬದುವಿನ ಪಕ್ಕದ ಆ ಎರಡು ಮೊಳದ ಪಟ್ಟಿಗೆ ಮಾತ್ರ ಈಗ ಬೇಕೆಂದೇ ಔಷಧಿ ಹೊಡೆಯುವುದಿಲ್ಲ. ಅಮ್ಮ ಅಲ್ಲಿಂದ ಸೊಪ್ಪು ತರುತ್ತಾರೆ.