ಮಾರ್ಕ್ ಅಂದರೆ ಯಾವ ಮಾರ್ಕ್?

ಜರ್ಮನಿಯಲ್ಲಿ ಜನರ ಕೈಗೆ ಯೂರೋ ನೋಟು ಬಂದದ್ದು 2002ರ ಜನವರಿ 1ರಂದು. ಅದಕ್ಕೆ ಮೊದಲು ಅಲ್ಲಿ ನಡೆಯುತ್ತಿದ್ದ ಹಣ ಮಾರ್ಕ್. ಅದರ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ 1,200 ಕೋಟಿಗೂ ಜಾಸ್ತಿ ಮಾರ್ಕ್ ಇನ್ನೂ ವಾಪಸ್ ಬಂದಿಲ್ಲ. ಅಜ್ಜಿಯ ಬೀರುವಿನಲ್ಲಿ, ಹಳೆಯ ಕೋಟಿನ ಜೇಬಿನಲ್ಲಿ ಸಿಗುತ್ತಲೇ ಇರುತ್ತದೆ. ತೆಗೆದುಕೊಂಡು ಹೋದರೆ ಅಲ್ಲಿನ ಕೇಂದ್ರ ಬ್ಯಾಂಕ್ ಬುಂಡೆಸ್‌ಬ್ಯಾಂಕ್ ಈಗಲೂ ಬದಲಿಸಿ ಕೊಡುತ್ತದೆ. ಅದಕ್ಕೆ ಗಡುವೇ ಇಲ್ಲ.

ಈ ಹಣದ ಮೇಲೆ ಇಷ್ಟು ಮಮತೆ ಯಾಕೆ ಅಂತ ಕೇಳಿದರೆ ಉತ್ತರ ಗೋಜಲು. ಒಬ್ಬರು 1923ರಲ್ಲಿ ನೋಟನ್ನು ತಳ್ಳುಗಾಡಿಯಲ್ಲಿ ಹೊತ್ತ ಕಥೆ ಹೇಳುತ್ತಾರೆ. ಇನ್ನೊಬ್ಬರು ಮಾರ್ಕ್ ಅಂದರೆ ಕಲ್ಲಿನಂಥ ಹಣ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಅವರು ಹೇಳುತ್ತಿರುವುದು ಬೇರೆ ಬೇರೆ ಮಾರ್ಕ್ ಬಗ್ಗೆ.

1871ರಲ್ಲಿ ಜರ್ಮನಿ ಒಂದಾಯಿತು. ಉತ್ತರದ ಥಾಲರ್, ದಕ್ಷಿಣದ ಗುಲ್ಡನ್ ಹೋಗಿ ಚಿನ್ನಕ್ಕೆ ಗಂಟು ಹಾಕಿದ ಮಾರ್ಕ್ ಬಂತು. ಮುಂದಿನ 40 ವರ್ಷ ಅದು ಸುದ್ದಿಯಲ್ಲೇ ಇರಲಿಲ್ಲ. ಹಣ ಸರಿಯಾಗಿದ್ದರೆ ಯಾರೂ ಅದರ ಮಾತಾಡುವುದಿಲ್ಲ, ಅಲ್ವಾ? 1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾಯಿತು, ಚಿನ್ನದ ಗಂಟು ಬಿಚ್ಚಿತು. ಯುದ್ಧದ ಖರ್ಚಿಗೆ ಸರ್ಕಾರ ಜನರಿಂದಲೇ ಸಾಲ ಎತ್ತಿತು. ಸೋತ ಮೇಲೆ ಗೆದ್ದ ದೇಶಗಳಿಗೆ ಪರಿಹಾರ ಕೊಡುವ ಹೊರೆ ಬಿತ್ತು. 1923ರ ಜನವರಿಯಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ಸೇನೆ ಜರ್ಮನಿಯ ಕಲ್ಲಿದ್ದಲು, ಕಾರ್ಖಾನೆಗಳ ನೆಲೆಯಾದ ರೂರ್ ಪ್ರದೇಶಕ್ಕೆ ನುಗ್ಗಿತು. ಅಲ್ಲಿ ಕೆಲಸ ನಿಲ್ಲಿಸಿ ಪ್ರತಿಭಟಿಸಿದವರಿಗೆ ಸಂಬಳ ಕೊಡಲು ನೋಟು ಅಚ್ಚಾಗುತ್ತಲೇ ಹೋಯಿತು.

ಯುದ್ಧಕ್ಕೆ ಮೊದಲು ಒಂದು ಡಾಲರ್‌ಗೆ 4.2 ಮಾರ್ಕ್ ಇತ್ತು. 1923ರ ನವೆಂಬರ್‌ನಲ್ಲಿ 4.2 ಲಕ್ಷ ಕೋಟಿ ಮಾರ್ಕ್ ಆಯಿತು. ಒಂದು ಬ್ರೆಡ್ಡಿಗೆ ಸುಮಾರು 20,000 ಕೋಟಿ. ಆಮೇಲೆ 12 ಸೊನ್ನೆ ಅಳಿಸಿ ರೆಂಟೆನ್‌ಮಾರ್ಕ್ ತಂದರು. 1924ರಲ್ಲಿ ರೈಕ್ಸ್‌ಮಾರ್ಕ್ ಬಂತು. ತಳ್ಳುಗಾಡಿ ಕಥೆ ಹೇಳುವವರು ಒಂದು ಮಾತು ಬಿಟ್ಟುಬಿಡುತ್ತಾರೆ. ಯುದ್ಧಕ್ಕೆಂದು ಸರ್ಕಾರ ಜನರಿಂದ ಎತ್ತಿದ ಆ ಸಾಲ ಇಡಿಯಾಗಿ ಒಂದು ಬ್ರೆಡ್ಡಿನ ಬೆಲೆಗೂ ಬಾಳದ ಹಾಗಾಯಿತು. ಸಾಲ ಮಾಡಿದವರು ಪಾರಾದರು. ಕೊಟ್ಟವರು ಕೈ ಸುಟ್ಟುಕೊಂಡರು.

ಆದರೆ ಈಗಿನ ಜರ್ಮನ್ನರ ಮನಸ್ಸಿನಲ್ಲಿ ಉಳಿದ ಮಾರ್ಕ್ ಹುಟ್ಟಿದ್ದು 1948ರಲ್ಲಿ. ನಾಜಿ ಆಡಳಿತವೂ ಯುದ್ಧಕ್ಕೆ ಸಾಲ ಮಾಡಿತ್ತು, ನೋಟು ಮುದ್ರಿಸಿತ್ತು. ಈ ಸಲ ಬೆಲೆ ಏರದಂತೆ 1936ರಿಂದಲೇ ಬೀಗ ಹಾಕಿದ್ದರು. ಹಾಗಾಗಿ ಯುದ್ಧ ಮುಗಿದಾಗ ಜೇಬಿನ ತುಂಬ ನೋಟು ಇತ್ತು, ಅಂಗಡಿಯಲ್ಲಿ ಸಾಮಾನು ಇರಲಿಲ್ಲ. ಸಿಗರೇಟೇ ನಾಣ್ಯವಾಯಿತು. ಪಟ್ಟಣದವರು ಮನೆಯ ಬೆಳ್ಳಿ, ರತ್ನಗಂಬಳಿ ಹೊತ್ತು ರೈಲಿನಲ್ಲಿ ಹಳ್ಳಿಗೆ ಹೋಗಿ ಆಲೂಗಡ್ಡೆ ತರುತ್ತಿದ್ದರು.

ಸೋತ ಜರ್ಮನಿಯನ್ನು ಆಗ ಅಮೆರಿಕ, ಬ್ರಿಟನ್, ಫ್ರಾನ್ಸ್ ಮತ್ತು ಸೋವಿಯತ್ ಒಕ್ಕೂಟ ನಾಲ್ಕು ವಲಯ ಮಾಡಿ ಆಳುತ್ತಿದ್ದವು. ಹೊಸ ನೋಟು ಅಚ್ಚಾದದ್ದು ಅಮೆರಿಕದಲ್ಲಿ, ಗುಟ್ಟಾಗಿ. ಹಡಗಿನಲ್ಲಿ ಬ್ರೆಮರ್‌ಹಾಫೆನ್ ಬಂದರಿಗೆ ಬಂದಿಳಿದವು. ಕಾನೂನು ಬರೆಯಲು ಜರ್ಮನ್ ಪರಿಣತರನ್ನು ಕಾಸೆಲ್ ಹತ್ತಿರದ ರೊಥ್‌ವೆಸ್ಟೆನ್ ಸೇನಾ ಶಿಬಿರದಲ್ಲಿ ಏಳು ವಾರ ಕೂಡಿಹಾಕಿದರು. ಸುತ್ತ ಕಾವಲು. ಎದುರಿಗೆ ಎಡ್ವರ್ಡ್ ಟೆನೆನ್‌ಬಾಮ್ ಎಂಬ 26 ವರ್ಷದ ಅಮೆರಿಕನ್ ಅರ್ಥಶಾಸ್ತ್ರಜ್ಞ. ದೊಡ್ಡ ತೀರ್ಮಾನಗಳೆಲ್ಲ ಮೊದಲೇ ಆಗಿದ್ದವು. ಇವರ ಪಾಲಿಗೆ ಉಳಿದದ್ದು ಬಹುಮಟ್ಟಿಗೆ ಬರವಣಿಗೆಯ ಕೆಲಸ.

ಜೂನ್ 20, ಭಾನುವಾರ. ಪಶ್ಚಿಮದ ಮೂರೂ ವಲಯಗಳಲ್ಲಿ ಜನ ಸಾಲಿನಲ್ಲಿ ನಿಂತು ತಲೆಗೆ 40 ಡಾಯ್ಚ ಮಾರ್ಕ್ ಪಡೆದರು. ಆಮೇಲೆ ಇನ್ನೂ 20 ಸಿಕ್ಕಿತು. ಸಂಬಳ, ಬಾಡಿಗೆಗೆ ಒಂದು ಹಳೆಯ ಮಾರ್ಕ್‌ಗೆ ಒಂದು ಹೊಸದು. ಬ್ಯಾಂಕಿನಲ್ಲಿದ್ದ ಉಳಿತಾಯಕ್ಕೆ ಮಾತ್ರ ಬೇರೆ ಲೆಕ್ಕ: 100 ರೈಕ್ಸ್‌ಮಾರ್ಕ್ ಇಟ್ಟವರ ಕೈಗೆ ಕೊನೆಗೆ ಬಂದದ್ದು ಆರೂವರೆ ಮಾರ್ಕ್. ಕಾರ್ಖಾನೆ, ಜಮೀನು, ಗೋದಾಮಿನ ಸರಕು ಇದ್ದವರದು ಇದ್ದ ಹಾಗೇ ಉಳಿಯಿತು.

ಸೋಮವಾರ ಬೆಳಿಗ್ಗೆ ಅಂಗಡಿ ಗಾಜಿನ ಹಿಂದೆ ಚಪ್ಪಲಿ, ಪಾತ್ರೆ, ಬೆಣ್ಣೆ ಎಲ್ಲವೂ ಇದ್ದವು. ಇದನ್ನೇ ಪವಾಡ ಅಂತ ಹೇಳುತ್ತಾ ಬಂದಿದ್ದಾರೆ. ಒಂದೇ ರಾತ್ರಿಯಲ್ಲಿ ಯಾರೂ ಚಪ್ಪಲಿ ಹೊಲಿಯಲಿಲ್ಲ ಅನ್ನುವುದು ಆಗಿನ ಹೆಂಗಸರಿಗೆ ಗೊತ್ತಿರಲಿಲ್ಲವೇ? ಸರಕು ಹಿಂಬದಿಯಲ್ಲೇ ಕೂತಿತ್ತು, ಒಳ್ಳೆಯ ಹಣಕ್ಕೆ ಕಾಯುತ್ತಾ. ಆಗ ಅಮೆರಿಕ, ಬ್ರಿಟನ್ ವಲಯಗಳ ಆರ್ಥಿಕ ಆಡಳಿತ ನೋಡಿಕೊಳ್ಳುತ್ತಿದ್ದ ಲುಡ್ವಿಗ್ ಎರ್ಹಾರ್ಡ್ ಬಹಳಷ್ಟು ಸರಕಿನ ಬೆಲೆ ನಿಯಂತ್ರಣ ತೆಗೆದರು. ಸಂಬಳದ ಮೇಲಿನ ಬೀಗ ಮಾತ್ರ ಕೆಲವು ತಿಂಗಳು ಹಾಗೇ ಇತ್ತು. ಬೆಲೆ ಏರಿತು. ನವೆಂಬರ್ 12ರಂದು 90 ಲಕ್ಷದಷ್ಟು ಕಾರ್ಮಿಕರು ಕೆಲಸ ನಿಲ್ಲಿಸಿದರು. ಪವಾಡದ ಕಥೆಯಲ್ಲಿ ಈ ದಿನ ಯಾಕೋ ಬರುವುದೇ ಇಲ್ಲ.

ಪೂರ್ವದ ಸೋವಿಯತ್ ವಲಯದಲ್ಲಿ ಹೊಸ ನೋಟು ಸಿದ್ಧವಿರಲಿಲ್ಲ. ಹಳೆಯ ನೋಟಿಗೇ ಚೀಟಿ ಅಂಟಿಸಿ ಹಂಚಿದರು. ಜನ ಅದನ್ನು ವಾಲ್‌ಪೇಪರ್ ಮಾರ್ಕ್ ಅಂತ ಆಡಿಕೊಂಡರು. ಬರ್ಲಿನ್‌ನಲ್ಲಿ ಯಾವ ಮಾರ್ಕ್ ನಡೆಯಬೇಕು ಅನ್ನುವ ಜಗಳ ಜೂನ್ 24ಕ್ಕೆ ಪಶ್ಚಿಮ ಬರ್ಲಿನ್‌ಗೆ ಸೋವಿಯತ್ ಹಾಕಿದ ದಿಗ್ಬಂಧನವಾಯಿತು. ಮರುವರ್ಷ ದೇಶವೇ ಎರಡಾಯಿತು. ಹಣ ಮೊದಲು ಒಡೆಯಿತು, ಗಡಿ ಆಮೇಲೆ.

ಮುಂದಿನ 40 ವರ್ಷ ಪಶ್ಚಿಮದ ಮಾರ್ಕ್ ಏರುತ್ತಲೇ ಹೋಯಿತು. ಪೂರ್ವದ್ದು ಹಗುರ ಅಲ್ಯೂಮಿನಿಯಂ ನಾಣ್ಯದ ನಗೆಪಾಟಲಾಯಿತು. 1989ರಲ್ಲಿ ಬರ್ಲಿನ್ ಗೋಡೆ ಬಿದ್ದ ಮೇಲೆ ಪೂರ್ವದ ಬೀದಿಗಳಲ್ಲಿ ಒಂದು ಘೋಷಣೆ: ಮಾರ್ಕ್ ಬಂದರೆ ಇರುತ್ತೇವೆ, ಬರದಿದ್ದರೆ ಅದಿರುವಲ್ಲಿಗೇ ಹೋಗುತ್ತೇವೆ. 1990ರ ಜುಲೈ 1ಕ್ಕೆ ಬಂತು. ಸಂಬಳ ಒಂದಕ್ಕೊಂದು. ಉಳಿತಾಯ ವಯಸ್ಸಿನ ಪ್ರಕಾರ 2,000, 4,000, 6,000ದವರೆಗೆ ಒಂದಕ್ಕೊಂದು, ಉಳಿದದ್ದು ಎರಡಕ್ಕೊಂದು. ಬುಂಡೆಸ್‌ಬ್ಯಾಂಕ್ ಒಳಗೆ ಈ ದರ ಹಲವರಿಗೆ ಒಪ್ಪಿಗೆ ಇರಲಿಲ್ಲ. ಜನರಿಗೆ ಖುಷಿಯಾಯಿತು. ಆದರೆ ಅವರ ಕಾರ್ಖಾನೆಗಳು ರಾತ್ರೋರಾತ್ರಿ ಗಟ್ಟಿ ಹಣದಲ್ಲಿ ಸಂಬಳ ಕೊಡಬೇಕಾಯಿತು. ಎಷ್ಟೋ ಮುಚ್ಚಿದವು. ಹಳೆಯ ಪೂರ್ವದ ನೋಟುಗಳನ್ನು ಹಾಲ್ಬರ್‌ಶ್ಟಾಟ್ ಹತ್ತಿರದ ಸುರಂಗದಲ್ಲಿ ತುಂಬಿಟ್ಟರು. ಕಳ್ಳರು ಹೊಕ್ಕ ಮೇಲೆ 2002ರಲ್ಲಿ ಸುಟ್ಟರು.

ಅದೇ ವರ್ಷ ಯೂರೋ ನೋಟು. ಒಂದು ಯೂರೋಗೆ 1.95583 ಮಾರ್ಕ್. ತುಟ್ಟಿ ಅನ್ನುವ ಅರ್ಥದ ಜರ್ಮನ್ ಮಾತಿಗೆ ಯೂರೋ ಸೇರಿಸಿ ಜನ ಟೊಯ್ರೋ ಅಂದರು. ಅದು ಆ ವರ್ಷದ ಪದವಾಗಿ ಆಯ್ಕೆಯೂ ಆಯಿತು.

ಮಾರ್ಕ್ ಪೂರ್ತಿ ಹೋಗಿದೆ ಅಂತಲೂ ಅನ್ನಲಾಗದು. 1990ರ ದಶಕದ ತನ್ನ ಯುದ್ಧ ಮುಗಿದ ಮೇಲೆ ಬೋಸ್ನಿಯಾ ತನ್ನ ಹಣವನ್ನು ಜರ್ಮನ್ ಮಾರ್ಕ್‌ಗೆ ಕಟ್ಟಿ ಅದಕ್ಕೆ ಮಾರ್ಕ್ ಎಂದೇ ಹೆಸರಿಟ್ಟಿತು. ಸರಾಯೆವೊ ಸಂತೆಯಲ್ಲಿ ಈಗಲೂ ಅದೇ ನಡೆಯುತ್ತದೆ, ಯೂರೋಗೆ 1.95583 ಲೆಕ್ಕದಲ್ಲೇ.