ಹೋರಾಟದ ಹಾಡಿನಿಂದ ಏನಾದರೂ ಬದಲಾಗಿದೆಯೇ?

ಪ್ರಶ್ನೆ: ಧರಣಿ, ಮೆರವಣಿಗೆ ಎಲ್ಲೇ ನಡೆದರೂ ಹಾಡು ಇದ್ದೇ ಇರುತ್ತದೆ. ಕೇಳುವಾಗ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಹಾಡಿನಿಂದ ಒಂದು ಕಾನೂನಾದರೂ ಬದಲಾಗಿದೆಯೇ? ಅಥವಾ ನಮ್ಮ ಸಮಾಧಾನಕ್ಕೆ ನಾವೇ ಹಾಡಿಕೊಳ್ಳುತ್ತಿದ್ದೇವೆಯೇ?

ಉತ್ತರ: ಹಾಡೊಂದೇ ನಿಂತು ಕಾನೂನು ಬದಲಿಸಿದ ಉದಾಹರಣೆ ನನಗೆ ಗೊತ್ತಿಲ್ಲ. ಆದರೆ ಕಾನೂನು ಬದಲಾಗುವ ತನಕ ಜನ ಬೀದಿಯಲ್ಲಿ ನಿಲ್ಲಬೇಕಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಪೆಟ್ಟು ತಿನ್ನುತ್ತ, ಜೈಲಿಗೆ ಹೋಗುತ್ತ ನಿಲ್ಲಬೇಕು. ಹಾಡಿನ ಕೆಲಸ ಇರುವುದು ಅಲ್ಲಿ. ಇದನ್ನು ನಮಗೆಲ್ಲ ಗೊತ್ತಿರುವ ಒಂದು ಹಾಡಿನಿಂದಲೇ ನೋಡೋಣ. ಹಿಂದಿಯಲ್ಲಿ ‘ಹಮ್ ಹೋಂಗೆ ಕಾಮ್ಯಾಬ್’ ಎಂದು ಶಾಲೆಯಲ್ಲಿ ಕಲಿತದ್ದು, ಕನ್ನಡದ ಹೋರಾಟಗಳಲ್ಲಿ ‘ಗೆದ್ದೇ ಗೆಲ್ಲುವೆವು’ ಎಂದು ಕೇಳುವುದು. ಅದರ ಮೂಲ ಅಮೆರಿಕದ ‘ವಿ ಶಲ್ ಓವರ್‌ಕಮ್’.

ಕಪ್ಪು ಜನರ ಚರ್ಚುಗಳಲ್ಲಿ ಹಾಡುತ್ತಿದ್ದ ಭಕ್ತಿಗೀತೆಗಳಿಂದ ಹುಟ್ಟಿದ ಹಾಡು ಅದು. ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ 1945ರ ಕೊನೆಗೆ ಸಿಗಾರ್ ಕಾರ್ಖಾನೆಯ ಕೆಲಸಗಾರರು ಮುಷ್ಕರ ಹೂಡಿದರು. ಅವರಲ್ಲಿ ಬಹುಪಾಲು ಕಪ್ಪು ಹೆಂಗಸರು. ಲೂಸಿಲ್ ಸಿಮನ್ಸ್ ಎಂಬಾಕೆ ಚಳಿ ಮಳೆಯಲ್ಲಿ ಕಾರ್ಖಾನೆಯ ಮುಂದೆ ನಿಂತು ಈ ಹಾಡನ್ನು ನಿಧಾನವಾಗಿ ಎಳೆದು ಹಾಡುತ್ತಿದ್ದರು. ಆ ಹೆಂಗಸರು ಅದನ್ನು ಟೆನೆಸಿಯ ಹೈಲ್ಯಾಂಡರ್ ಎಂಬ ಕಾರ್ಮಿಕ ತರಬೇತಿ ಶಾಲೆಗೆ ಒಯ್ದರು. ಅಲ್ಲಿ ಸಂಗೀತ ನೋಡಿಕೊಳ್ಳುತ್ತಿದ್ದ ಝಿಲ್ಫಿಯಾ ಹಾರ್ಟನ್ ಕಲಿತರು. ಅವರಿಂದ ಜಾನಪದ ಗಾಯಕ ಪೀಟ್ ಸೀಗರ್ ಕಲಿತರು. 1960ರ ಏಪ್ರಿಲ್‌ನಲ್ಲಿ, ಹೋಟೆಲುಗಳ ವರ್ಣಭೇದದ ವಿರುದ್ಧ ಧರಣಿ ಕೂತಿದ್ದ ವಿದ್ಯಾರ್ಥಿಗಳು ರಾಲೀ ಊರಿನಲ್ಲಿ ಸೇರಿ ತಮ್ಮದೇ ಸಂಘಟನೆ ಕಟ್ಟಿದಾಗ, ಗಾಯಕ ಗೈ ಕ್ಯಾರವಾನ್ ಅದನ್ನು ಅವರಿಗೆ ಹಾಡಿ ತೋರಿಸಿದರು. ಹಾಡು ಅಲ್ಲಿಂದ ದಕ್ಷಿಣದ ರಾಜ್ಯಗಳಿಗೆಲ್ಲ ಹರಡಿತು.

ಗಮನಿಸಿ, ಇದು ರೇಡಿಯೋದಿಂದಲೋ ಗ್ರಾಮಾಫೋನ್ ತಟ್ಟೆಯಿಂದಲೋ ಹಬ್ಬಿದ ಹಾಡಲ್ಲ. ಮುಷ್ಕರ, ಶಿಬಿರ, ಸಭೆ ಹೀಗೆ ಸಂಘಟನೆಯ ದಾರಿಯಲ್ಲೇ, ಬಾಯಿಂದ ಬಾಯಿಗೆ ಸಾಗಿತು. ಸಂಘಟನೆ ಇಲ್ಲದಿದ್ದರೆ ಅದು ಚಾರ್ಲ್ಸ್‌ಟನ್ ಬಿಟ್ಟು ಆಚೆಗೆ ಬರುತ್ತಲೇ ಇರಲಿಲ್ಲ ಎಂದು ನನಗನ್ನಿಸುತ್ತದೆ.

ಇನ್ನು ಅದು ಏನು ಮಾಡಿತು ಎಂಬುದು. ಮೊದಲನೆಯದಾಗಿ, ಭಯವನ್ನು ಹಿಡಿತದಲ್ಲಿಟ್ಟಿತು. 1959ರಲ್ಲಿ ಹೈಲ್ಯಾಂಡರ್ ಶಾಲೆಯ ಮೇಲೆ ರಾತ್ರಿ ಪೊಲೀಸ್ ದಾಳಿ ನಡೆಯಿತು. ಕತ್ತಲಲ್ಲಿ ಕೂತ ಮಕ್ಕಳು, ಯುವಕರು ಈ ಹಾಡು ಎತ್ತಿಕೊಂಡರು. ಆಗ ಹದಿಹರೆಯದ ಹುಡುಗಿಯಾಗಿದ್ದ ಜಮೀಲಾ ಜೋನ್ಸ್ ‘ನಮಗೆ ಭಯವಿಲ್ಲ’ ಎಂಬ ಸಾಲನ್ನು ಸೇರಿಸಿದರು. ಭಯವಿಲ್ಲದಿದ್ದರೆ ಆ ಸಾಲು ಬೇಕಾಗುತ್ತಲೇ ಇರಲಿಲ್ಲ. ಆ ಸಾಲು ಅಂದಿನಿಂದ ಹಾಡಿನಲ್ಲೇ ಉಳಿದುಬಿಟ್ಟಿತು.

1962ರ ಜುಲೈನಲ್ಲಿ ಜಾರ್ಜಿಯಾ ರಾಜ್ಯದ ಸಾಸರ್ ಎಂಬ ಪುಟ್ಟ ಊರಿನ ಚರ್ಚಿನಲ್ಲಿ ಮತದಾರರ ನೋಂದಣಿಗಾಗಿ ಕಪ್ಪು ಜನರ ಸಭೆ ನಡೆದಿತ್ತು. ಅಲ್ಲಿನ ಪೊಲೀಸ್ ಅಧಿಕಾರಿ ಶೆರಿಫ್ ತನ್ನ ಪಡೆಯೊಂದಿಗೆ ಒಳನುಗ್ಗಿದ. ಬಂದವರ ಹೆಸರು ಬರೆದುಕೊಂಡರು, ಬೆದರಿಸಿದರು. ಸೇರಿದ್ದವರು ಓಡಲಿಲ್ಲ, ಕೈಯೆತ್ತಲೂ ಇಲ್ಲ. ಹಾಡಿದರು. ನ್ಯೂಯಾರ್ಕ್ ಟೈಮ್ಸ್ ವರದಿಗಾರ ಅಲ್ಲೇ ಇದ್ದುದರಿಂದ ದೇಶಕ್ಕೆಲ್ಲ ಸುದ್ದಿ ಗೊತ್ತಾಯಿತು. ಆದರೆ ಅದೇ ಸೆಪ್ಟೆಂಬರಿನಲ್ಲಿ ಆ ಚರ್ಚನ್ನು ಸುಟ್ಟರು. ಹಾಡು ಬೆಂಕಿಯನ್ನು ತಡೆಯಲಿಲ್ಲ. ಹಾಡಿನ ಶಕ್ತಿಯ ಬಗ್ಗೆ ಮಾತಾಡುವ ನಾವು ಇದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಸಾಸರ್‌ಗೆ ಹತ್ತಿರದ ದೊಡ್ಡ ಊರು ಆಲ್ಬನಿ. ಅಲ್ಲಿನ ಕಥೆ ಹಾಡಿನ ಮಿತಿ, ಶಕ್ತಿ ಎರಡನ್ನೂ ತೋರಿಸುತ್ತದೆ. 1961ರ ಕೊನೆಯಲ್ಲಿ ಅಲ್ಲಿ ವರ್ಣಭೇದದ ವಿರುದ್ಧ ಚಳವಳಿ ಶುರುವಾಯಿತು. ಮಾರ್ಟಿನ್ ಲೂಥರ್ ಕಿಂಗ್ ಬಂದರು, ಬಂಧನಕ್ಕೊಳಗಾದರು. ನೂರಾರು ಜನ ಜೈಲು ತುಂಬಿದರು. ಪೊಲೀಸ್ ಮುಖ್ಯಸ್ಥ ಲಾರಿ ಪ್ರಿಚೆಟ್ ಜಾಣ. ಕ್ಯಾಮೆರಾ ಮುಂದೆ ಲಾಠಿ ಬೀಸಗೊಡಲಿಲ್ಲ, ಸುತ್ತಲಿನ ಕೌಂಟಿಗಳ, ಅಂದರೆ ಜಿಲ್ಲೆಗಳ, ಜೈಲುಗಳಲ್ಲಿ ಮೊದಲೇ ಜಾಗ ಗೊತ್ತು ಮಾಡಿಕೊಂಡಿದ್ದ. 1962ರ ಆಗಸ್ಟ್‌ನಲ್ಲಿ ಕಿಂಗ್ ಹೆಚ್ಚೇನೂ ಗೆಲ್ಲದೆ ಊರು ಬಿಟ್ಟರು. ಇಡೀ ಚಳವಳಿಯಲ್ಲಿ ಆಲ್ಬನಿಯಷ್ಟು ಚೆನ್ನಾಗಿ ಹಾಡಿದ ಊರು ಬೇರೆ ಇರಲಿಲ್ಲ ಎನ್ನುತ್ತಾರೆ. ಆದರೂ ಅಲ್ಲಿ ಗೆಲುವು ಸಿಗಲಿಲ್ಲ. ಎದುರಾಳಿಯ ತಂತ್ರಕ್ಕೆ ತಂತ್ರವೇ ಬೇಕು, ಒಳ್ಳೆಯ ಕಂಠ ಅದಕ್ಕೆ ಬದಲಿಯಾಗದು.

ಹಾಗಂತ ಆಲ್ಬನಿಯ ಹಾಡು ವ್ಯರ್ಥವಾಯಿತೇ? ಅಲ್ಲಿನ ಕಾಲೇಜು ವಿದ್ಯಾರ್ಥಿನಿ ಬರ್ನಿಸ್ ಜಾನ್ಸನ್ ಚರ್ಚಿನಲ್ಲಿ ಕಲಿತ ಹಾಡುಗಳಿಗೆ ಮೆರವಣಿಗೆಯಲ್ಲೇ ಹೊಸ ಮಾತು ಕೂಡಿಸುತ್ತ ಹಾಡಿದರು, ಜೈಲಿಗೆ ಹೋದರು, ಕಾಲೇಜಿನಿಂದ ಹೊರಬಿದ್ದರು. 1962ರಲ್ಲೇ ಅವರೂ ಕಾರ್ಡೆಲ್ ರೀಗನ್ ಮುಂತಾದವರೂ ಸೇರಿ ‘ಫ್ರೀಡಂ ಸಿಂಗರ್ಸ್’ ತಂಡ ಕಟ್ಟಿ ದೇಶ ಸುತ್ತಿದರು. ದಕ್ಷಿಣದಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಹಾಡಿ ಹೇಳಿದರು, ವಿದ್ಯಾರ್ಥಿ ಸಂಘಟನೆಗೆ ಹಣ ಕೂಡಿಸಿದರು. ಜಾಮೀನಿಗೆ, ಬಸ್ಸಿಗೆ, ಊಟಕ್ಕೆ ಹಣ ಬೇಕೇ ಬೇಕು. ಹೋರಾಟದ ಹಾಡಿನ ಬಗ್ಗೆ ಬರೆಯುವವರು ಈ ಲೆಕ್ಕವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನನಗೆ ಅದು ಮೈ ಜುಮ್ಮೆನ್ನಿಸುವುದಕ್ಕಿಂತ ದೊಡ್ಡ ಕೆಲಸವಾಗಿ ಕಾಣುತ್ತದೆ.

1965ರ ಮಾರ್ಚ್ 7ರಂದು ಅಲಬಾಮಾ ರಾಜ್ಯದ ಸೆಲ್ಮಾ ಊರಿನ ಸೇತುವೆಯ ಮೇಲೆ, ಮತದಾನದ ಹಕ್ಕಿಗಾಗಿ ಹೊರಟ ಮೆರವಣಿಗೆಗಾರರನ್ನು ಪೊಲೀಸರು ಬಡಿದದ್ದನ್ನು ಟಿವಿಯಲ್ಲಿ ದೇಶವೇ ನೋಡಿತು. ಮಾರ್ಚ್ 15ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಂಸತ್ತಿನ ಮುಂದೆ ಮತದಾನದ ಹಕ್ಕಿನ ಮಸೂದೆಗೆ ಬೆಂಬಲ ಕೇಳುತ್ತ ಈ ಹಾಡಿನ ಸಾಲನ್ನೇ ಬಾಯಿಬಿಟ್ಟು ಹೇಳಿದರು. ಆಗಸ್ಟ್ 6ರಂದು ಕಾನೂನಿಗೆ ಸಹಿ ಬಿತ್ತು. ಮಿಸಿಸಿಪ್ಪಿಯಲ್ಲಿ ಶೇ 7ಕ್ಕಿಂತ ಕಡಿಮೆಯಿದ್ದ ಕಪ್ಪು ಜನರ ಮತದಾರ ನೋಂದಣಿ ಎರಡೇ ವರ್ಷದಲ್ಲಿ ಶೇ 60ರ ಹತ್ತಿರಕ್ಕೆ ಬಂತು. ಇದರಲ್ಲಿ ಹಾಡಿನ ಪಾಲೆಷ್ಟು ಎಂದು ಅಳೆಯಲಾಗದು. ಸತ್ತವರ ಪಾಲಿದೆ, ವಕೀಲರ ಪಾಲಿದೆ, ಕ್ಯಾಮೆರಾಗಳ ಪಾಲಿದೆ, ಮನೆ ಮನೆಗೆ ಹೋಗಿ ಫಾರಂ ತುಂಬಿಸಿದವರ ಪಾಲು ಬಹಳ ದೊಡ್ಡದು. ಆದರೆ ಅವರೆಲ್ಲರ ಬಾಯಲ್ಲೂ ಇದ್ದದ್ದು ಕಾರ್ಖಾನೆಯ ಹೆಂಗಸರು ಉಳಿಸಿಕೊಟ್ಟ ಆ ಹಾಡು. ದೇಶದ ಅತಿ ದೊಡ್ಡ ಅಧಿಕಾರಸ್ಥನೂ ಅವರ ಮಾತನ್ನೇ ಆಡಬೇಕಾಯಿತು.

ನಮ್ಮ ನೆಲದಲ್ಲೂ ಹೀಗೆ ನಡೆದಿದೆ. ಅಮೆರಿಕದ ಕಪ್ಪು ಜನರ ಸಂಘಟನೆಯಾದ ಬ್ಲ್ಯಾಕ್ ಪ್ಯಾಂಥರ್‌ಗಳಿಂದ ಹೆಸರು ಪಡೆದು 1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ಅದೇ ದಶಕದಲ್ಲಿ ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. 1975ರಲ್ಲಿ ಬಂದ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪುಸ್ತಕದ ಅಂಗಡಿಗಿಂತ ಹೆಚ್ಚಾಗಿ ಕೇರಿಗಳಲ್ಲಿ ಬದುಕಿತು. ನಲವತ್ತೇಳರ ಸ್ವಾತಂತ್ರ್ಯ ಯಾರಿಗೆ ಬಂತು ಎಂದು ಅವರು ಹಾಡಿನಲ್ಲಿ ಕೇಳಿದ ಪ್ರಶ್ನೆಯನ್ನು ಅಕ್ಷರ ಬಾರದವರೂ ಬಾಯಿಪಾಠ ಮಾಡಿಕೊಂಡು ಕೇಳಿದರು. ಜೊತೆಗೆ ತಮಟೆ. ಊರಿನ ಸಾವಿಗೆ, ಜಾತ್ರೆಗೆ, ಡಂಗುರಕ್ಕೆ ಬಾರಿಸಲೇಬೇಕು ಎಂದು ಜಾತಿಯ ಕಟ್ಟುಪಾಡು ಹೊರಿಸಿದ್ದ ವಾದ್ಯವದು. ಅದನ್ನೇ ಹೆಗಲಿಗೇರಿಸಿ, ತಮ್ಮ ಮಾತಿಗೆ, ತಮ್ಮ ಇಷ್ಟಕ್ಕೆ ಬಾರಿಸಿದ್ದು ಯಾವ ಸರ್ಕಾರಿ ಆದೇಶಕ್ಕೂ ಕಾಯದೆ ಆದ ಬದಲಾವಣೆ. ಲೋಕ ಬದಲಾಯಿತೇ ಎಂದು ಕೇಳುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಒಂದು ಎಚ್ಚರಿಕೆಯೂ ಬೇಕು. ಹಾಡಿಗೆ ತನ್ನದೇ ಆದ ನ್ಯಾಯ ಅನ್ಯಾಯವಿಲ್ಲ. ಹಿಟ್ಲರನ ಪಡೆಗಳೂ ಹಾಡುತ್ತಲೇ ಬೀದಿಗಿಳಿದವು. ಜನರನ್ನು ಒಗ್ಗೂಡಿಸುವ ಶಕ್ತಿ ದ್ವೇಷಕ್ಕೂ ಅಷ್ಟೇ ಸುಲಭವಾಗಿ ಒದಗುತ್ತದೆ. ಆ ಶಕ್ತಿಯನ್ನು ಅಧಿಕಾರ ಚೆನ್ನಾಗಿ ಬಲ್ಲದು. ಚಿಲಿಯಲ್ಲಿ 1973ರ ಸೆಪ್ಟೆಂಬರಿನ ಸೇನಾ ಕ್ಷಿಪ್ರಕ್ರಾಂತಿಯಾದ ಕೆಲವೇ ದಿನಗಳಲ್ಲಿ ಗಾಯಕ ವಿಕ್ಟರ್ ಹಾರಾ ಅವರನ್ನು ಹಿಂಸಿಸಿ ಕೊಂದರು. ಹಾಡಿನಿಂದ ಏನೂ ಆಗದು ಎಂದು ಸೈನ್ಯ ನಂಬಿದ್ದರೆ ಬಂಧಿತರ ನಡುವೆ ಅವರನ್ನು ಗುರುತಿಸಿ ಬೇರ್ಪಡಿಸುತ್ತಿರಲಿಲ್ಲ.

ಈಗ ಯೂಟ್ಯೂಬ್‌ನಲ್ಲಿ ಹೋರಾಟದ ಹಾಡುಗಳಿಗೆ ಕೊರತೆಯಿಲ್ಲ, ಹಲವು ಚೆನ್ನಾಗಿಯೂ ಇವೆ. ಆದರೆ ಗಾಯಕರಿಲ್ಲದೆ ಜನ ತಾವೇ ಹಾಡಲಾಗದ ಹಾಡು ಧರಣಿಯ ಮೂರನೇ ದಿನಕ್ಕೆ ಉಪಯೋಗಕ್ಕೆ ಬರುವುದಿಲ್ಲ. ನೀವೇ ಹಾಡು ಆರಿಸುವವರಾದರೆ ಸಾಲು ಚಿಕ್ಕದಿರಲಿ, ಒಬ್ಬರು ಹೇಳಿಕೊಟ್ಟರೆ ಉಳಿದವರು ಹಿಂದಿನಿಂದ ಹೇಳುವಂತಿರಲಿ, ಧ್ವನಿ ತೀರಾ ಮೇಲಕ್ಕೆ ಹೋಗದಿರಲಿ, ಹೊಸ ಸಾಲು ಸೇರಿಸಲು ಜಾಗವಿರಲಿ. ಅಮೆರಿಕದವರು ಚರ್ಚಿನ ಧಾಟಿಗಳನ್ನು ಎತ್ತಿಕೊಂಡದ್ದು ಎಲ್ಲರಿಗೂ ಮೊದಲೇ ಗೊತ್ತಿದ್ದವು ಎಂಬ ಕಾರಣಕ್ಕೆ. ನಿಮ್ಮೂರಲ್ಲಿ ಸೋಬಾನೆ, ಕೋಲಾಟ, ತತ್ವಪದ ಬಲ್ಲ ಹಿರಿಯರು ಇದ್ದೇ ಇರುತ್ತಾರೆ. ಅವರ ಧಾಟಿಗೆ ನಿಮ್ಮ ಬೇಡಿಕೆ ಕೂಡಿಸಿ. ಕಲಿಸಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ, ಅರ್ಜಿ ಬರೆಯುವುದಕ್ಕೂ ವಕೀಲರನ್ನು ಕಾಣುವುದಕ್ಕೂ ಸಮಯ ಉಳಿಯುತ್ತದೆ.