‘ಜಾಗ ಇಲ್ಲ’ ಎನ್ನಲು ಕಲಿಯದ ಇಂಟರ್ನೆಟ್

ಜಂಬೂಸವಾರಿಯ ಹೊತ್ತಿಗೆ ಸಯ್ಯಾಜಿರಾವ್ ರಸ್ತೆಯಲ್ಲಿ ಫೋನ್ ತೆಗೆದರೆ ಸಿಗ್ನಲ್ ಫುಲ್ ಇರುತ್ತದೆ, ವಿಡಿಯೊ ಮಾತ್ರ ಬಫರ್ ಆಗುತ್ತಲೇ ಇರುತ್ತದೆ. ಅದೇ ಫೋನಿನ ವೋಲ್ಟಿ (4ಜಿ ಜಾಲದಲ್ಲೇ ಸಾಗುವ) ಕರೆ ಸಾಮಾನ್ಯವಾಗಿ ಒಂದೋ ಸರಿಯಾಗಿ ಕೇಳಿಸುತ್ತದೆ, ಇಲ್ಲವೇ ಸೇರುವುದೇ ಇಲ್ಲ. ಕರೆಗೆ ಜಾಗ ಉಂಟೋ ಇಲ್ಲವೋ ಎಂದು ಟವರ್ ಮೊದಲೇ ಲೆಕ್ಕ ಹಾಕುತ್ತದೆ. ಪ್ರವೇಶ ನಿಯಂತ್ರಣ ಎಂದರೆ ಇದೇ. ವಿಡಿಯೊಗೆ ಹಾಗೆ ಜಾಗ ಕಾದಿಡುವುದಿಲ್ಲ, ಇದ್ದಷ್ಟನ್ನೇ ಬಂದವರಿಗೆಲ್ಲ ಹಂಚುತ್ತದೆ.

ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿಗೆ ಇದು ಹುಟ್ಟುಗುಣ: ಲೈನ್ ಖಾಲಿ ಇಲ್ಲದಿದ್ದರೆ ಎಂಗೇಜ್ ಟೋನ್. ಎಷ್ಟು ಲೈನಿದ್ದರೆ ಎಷ್ಟು ಕರೆ ವಾಪಸಾಗುತ್ತವೆ ಎಂಬ ಸೂತ್ರವನ್ನು ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1917ರಲ್ಲೇ ಕೊಟ್ಟಿದ್ದರು. ಇಂಟರ್ನೆಟ್ ಆ ಗುಣ ಬಿಟ್ಟಿತು. ಅದು ಮಾಹಿತಿಯನ್ನು ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಕಳಿಸುತ್ತದೆ. ಅದರ ಮೂಲ ನಿಯಮಗಳಾದ 1981ರ ಐಪಿ ನಿಯಮಾವಳಿಯಲ್ಲಿ ಪ್ಯಾಕೆಟ್ಟಿನ ಆದ್ಯತೆ ಹೇಳಲು ಒಂದು ಬೈಟ್ ಇತ್ತು. ಪ್ಯಾಕೆಟ್ಟುಗಳನ್ನು ದಾರಿಗೆ ಹಚ್ಚುವ ರೂಟರ್‌ಗಳಲ್ಲಿ ಬಹುತೇಕವು ಅದರತ್ತ ತಿರುಗಿಯೂ ನೋಡಲಿಲ್ಲ. 1986ರಲ್ಲಿ ಅಮೆರಿಕದ ಬರ್ಕ್ಲಿಯ ಒಂದು ಸಂಪರ್ಕ ದಟ್ಟಣೆಯಿಂದಾಗಿ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ದಟ್ಟಣೆ ಕಂಡೊಡನೆ ಕಳಿಸುವವರೇ ವೇಗ ತಗ್ಗಿಸಲಿ ಎಂಬುದು 1988ರಲ್ಲಿ ಅಲ್ಲಿನ ಸಂಶೋಧಕ ವ್ಯಾನ್ ಜೇಕಬ್ಸನ್ ಕೊಟ್ಟ ಪರಿಹಾರ. ತಡವಾದರೂ ನಡೆಯುವ ಫೈಲಿಗೆ ಅದು ಸಾಕು, ಆಗಿಂದಾಗಲೇ ತಲುಪಬೇಕಾದ ಮಾತಿಗೆ ಸಾಲದು.

ಮೈಸೂರಿನ ಹೆಬ್ಬಾಳದ ಒಂದು ಕಚೇರಿಯಿಂದ ಮಂಡ್ಯದ ಶಾಖೆಗೆ ಲೈನಿದೆ, ಅದರಲ್ಲಿ ಮಾತಿಗೆಂದೇ 2 ಎಂಬಿಪಿಎಸ್ (ಸೆಕೆಂಡಿಗೆ 20 ಲಕ್ಷ ಬಿಟ್) ಎತ್ತಿಟ್ಟಿದ್ದಾರೆ ಎನ್ನಿ. ದನಿಯನ್ನು ಅಂಕಿಗಳಾಗಿಸುವ ಜಿ.711 ಕೋಡೆಕ್ 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್ ಕಳಿಸುತ್ತದೆ: ದನಿ 160 ಬೈಟ್, ಆರ್‌ಟಿಪಿ-ಯುಡಿಪಿ-ಐಪಿ ಹೆಡರ್ (ವಿಳಾಸ ಮುಂತಾದ ತಲೆಬರಹ) 40, ಈಥರ್ನೆಟ್ ಹೊದಿಕೆ 18. ಒಟ್ಟು 218 ಬೈಟ್, ಸೆಕೆಂಡಿಗೆ 50 ಸಲ. ಬೈಟಿಗೆ 8 ಬಿಟ್, ಅಂದರೆ ಕರೆಗೆ 87.2 ಕೆಬಿಪಿಎಸ್ (ಸೆಕೆಂಡಿಗೆ ಸಾವಿರ ಬಿಟ್). 22 ಕರೆ ಹಿಡಿಸುತ್ತವೆ. 23ನೆಯದನ್ನು ಬಿಟ್ಟುಕೊಂಡರೆ ಅದೊಂದೇ ಕೆಡುವುದಿಲ್ಲ. ಕ್ಯೂ ತುಂಬಿ ಪ್ಯಾಕೆಟ್ ಎಸೆಯುವಾಗ ರೂಟರ್ ಇದು ಯಾರ ಕರೆ ಎಂದು ನೋಡುವುದಿಲ್ಲ. ಮಿತಿ ಮೀರಿದಷ್ಟೂ ಎಲ್ಲರ ಮಾತೂ ಕಡಿಕಡಿದು ಕೇಳುತ್ತದೆ. ಎಲ್ಲವೂ ಮಾತೇ ಆದಾಗ ಆದ್ಯತೆ ಕೊಟ್ಟೂ ಉಪಯೋಗವಿಲ್ಲ.

ಇದಕ್ಕೆಂದೇ 1997ರಲ್ಲಿ ಜಾಗ ಕಾಯ್ದಿರಿಸುವ ನಿಯಮಾವಳಿ ಆರ್‌ಎಸ್‌ವಿಪಿ ಬಂತು. ಕಳಿಸುವ ಕಡೆಯಿಂದ ‘ಪಾತ್’ ಸಂದೇಶ ಹೊರಡುತ್ತದೆ. ಪಡೆಯುವ ಕಡೆಯಿಂದ ‘ರೆಸ್ವ್’ ಅದೇ ಹಾದಿಯಲ್ಲಿ ಹಿಂದಿರುಗುತ್ತ ಒಂದೊಂದು ರೂಟರಿನಲ್ಲೂ ಜಾಗ ಕಾಯ್ದಿರಿಸುತ್ತದೆ. 30 ಸೆಕೆಂಡಿಗೊಮ್ಮೆಯಂತೆ ನವೀಕರಿಸುತ್ತಿರಬೇಕು. ನಡುವಣ ದೊಡ್ಡ ರೂಟರಿಗೆ ಇಷ್ಟೊಂದು ಕರೆಗಳ ಲೆಕ್ಕ ಇಡುವುದೇ ಹೊರೆ. ಅದಕ್ಕಿಂತ ದೊಡ್ಡ ತೊಡಕು, ಬೇರೆ ಕಂಪನಿಯ ಜಾಲದಲ್ಲಿ ಕಾಯ್ದಿರಿಸಿದ ಜಾಗಕ್ಕೆ ದುಡ್ಡು ಯಾರು ಕಟ್ಟಬೇಕು ಎಂಬುದು.

ಸಾಲದ್ದಕ್ಕೆ ಆರ್‌ಎಸ್‌ವಿಪಿ ತಾನಾಗಿ ದಾರಿ ಹುಡುಕುವುದಿಲ್ಲ. ಮಾಮೂಲಿ ರೂಟಿಂಗ್ ತೋರಿಸಿದ ಹತ್ತಿರದ ದಾರಿ ತುಂಬಿದ್ದರೆ, ಬಳಸುದಾರಿ ಖಾಲಿ ಬಿದ್ದಿದ್ದರೂ ಕರೆ ವಾಪಸ್. ಜಾಗ ನೋಡಿ ದಾರಿ ಆರಿಸುವ ರೂಟಿಂಗ್ ಹುಟ್ಟಿದ್ದು ಹೀಗೆ. ಬೇಕಾದಷ್ಟು ಬ್ಯಾಂಡ್‌ವಿಡ್ತ್ ಇಲ್ಲದ ಕೊಂಡಿಗಳನ್ನು ಮೊದಲು ಕೈಬಿಟ್ಟು, ಉಳಿದವುಗಳಲ್ಲಿ ಹತ್ತಿರದ್ದನ್ನು ಹಿಡಿಯುವುದು ಅದರ ಸರಳ ರೂಪ. 1999ರಲ್ಲಿ ಇದನ್ನು ಒಎಸ್‌ಪಿಎಫ್ ಎಂಬ ರೂಟಿಂಗ್ ನಿಯಮಾವಳಿಗೂ ಪ್ರಾಯೋಗಿಕವಾಗಿ ಸೇರಿಸಿದರು. ಎಡವಿದ್ದು ಯಾವ ಕೊಂಡಿಯಲ್ಲಿ ಎಷ್ಟು ಜಾಗವಿದೆ ಎಂಬ ಮಾಹಿತಿಯಲ್ಲಿ. ಪ್ರತಿ ಬದಲಾವಣೆಯನ್ನೂ ಸಾರಿದರೆ ಆ ಸುದ್ದಿಯೇ ಜಾಲಕ್ಕೆ ಭಾರ. ತಡವಾಗಿ ಸಾರಿದರೆ ಎಲ್ಲರೂ ಹಳೇ ಲೆಕ್ಕ ನಂಬಿ ಒಂದೇ ಖಾಲಿ ದಾರಿಗೆ ನುಗ್ಗುತ್ತಾರೆ. 1979ರಿಂದ ವಿಳಂಬ ಅಳೆದು ದಾರಿ ಬದಲಿಸುತ್ತಿದ್ದ, ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್‌ನಲ್ಲೂ ಇಂಥದೇ ಓಲಾಟ ಕಂಡು, 1987ರಲ್ಲಿ ಅಳತೆಗೋಲನ್ನೇ ತಿದ್ದಬೇಕಾಗಿತ್ತು.

ಕೊನೆಗೆ ಊರಿಕೊಂಡದ್ದು 1998ರ ಡಿಫ್‌ಸರ್ವ್: ಪ್ಯಾಕೆಟ್ಟಿಗೆ 6 ಬಿಟ್ಟಿನ ಗುರುತು, ಮಾತಿಗೆ ಸಾಮಾನ್ಯವಾಗಿ 46 ಎಂಬ ಸಂಖ್ಯೆ. ಅದು ಸರದಿ ಬದಲಿಸುತ್ತದೆಯೇ ಹೊರತು ಯಾರನ್ನೂ ವಾಪಸ್ ಕಳಿಸುವುದಿಲ್ಲ. ವಾಪಸ್ ಕಳಿಸುವ ಕೆಲಸ ಒಡೆಯ ಒಬ್ಬನೇ ಇರುವ ಕಡೆ ಉಳಿಯಿತು: ಮೊಬೈಲ್ ಟವರ್, ಎಂಪಿಎಲ್‌ಎಸ್ (ಪ್ಯಾಕೆಟ್ಟಿಗೆ ದಾರಿಯ ಚೀಟಿ ಅಂಟಿಸಿ ಕಳಿಸುವ) ಜಾಲ, ಕಚೇರಿಯ ಕರೆಗಳನ್ನು ಜೋಡಿಸುವ ಕಾಲ್ ಸರ್ವರ್. ಹಾಗಾಗಿ ಮಂಡ್ಯದ ಲೈನಿಗೆ 22ರ ಮಿತಿಯನ್ನು ಕಾಲ್ ಸರ್ವರಿನಲ್ಲೇ ಹಾಕಬೇಕು. ಲೈನ್ ಸಾರ್ವಜನಿಕ ಇಂಟರ್ನೆಟ್ ಮೇಲಿದ್ದರೆ 46 ಅನ್ನು ನಡುವೆ ಯಾರಾದರೂ 0 (ಅಂದರೆ ಆದ್ಯತೆ ಇಲ್ಲ) ಮಾಡಿರುವುದುಂಟು. ಮಂಡ್ಯದ ತುದಿಯಲ್ಲಿ ಪ್ಯಾಕೆಟ್ ಹಿಡಿದು ನೋಡಿದರೇ ಅದು ಗೊತ್ತಾಗುವುದು.